ಯಂತ್ರ ಸರ್ಕಾರದ್ದು, ಅಪ್‌ಡೇಟ್ ಯಾರದ್ದು?

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬೀದರ್
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ಬೀದರ್
ಪ್ರತಿ: ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ (ಇ-ಆಡಳಿತ), ಬೆಂಗಳೂರು

ವಿಷಯ: ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ ಭಾಗದಲ್ಲಿ ಜನರ ಸೇವೆಗೆ ಬಳಸುವ ಕಂಪ್ಯೂಟರ್‌ಗಳಿಗೆ ಕರ್ನಲ್ ಭದ್ರತಾ ಅಪ್‌ಡೇಟ್ ಆಗದಿರುವುದು, ಅದಕ್ಕೊಬ್ಬ ಹೊಣೆಗಾರರನ್ನೂ ಒಂದು ಗಡುವನ್ನೂ ಗೊತ್ತುಮಾಡುವ ಬಗ್ಗೆ.

ಮಾನ್ಯರೇ,

ಅರ್ಜಿ ಹಾಕಿದ ಪ್ರಮಾಣಪತ್ರ ಗೊತ್ತುಪಡಿಸಿದ ದಿನದೊಳಗೆ ಕೈಸೇರದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕು ಎನ್ನುತ್ತದೆ 2011ರ ಸಕಾಲ ಕಾಯ್ದೆ. ಮೊತ್ತ ಸಣ್ಣದು. ಆದರೂ ಆ ಕಾಯ್ದೆಯಿಂದ ಜನರಿಗೆ ಎರಡು ಸಂಗತಿ ದಕ್ಕಿದವು: ಕೇಳಲು ಒಂದು ಹೆಸರು, ತೋರಿಸಲು ಒಂದು ದಿನಾಂಕ. ಅದೇ ಪ್ರಮಾಣಪತ್ರದ ಅರ್ಜಿ ತುಂಬುವ ಕಂಪ್ಯೂಟರ್‌ಗೆ ಸೇರಬೇಕಾದ ಭದ್ರತಾ ಅಪ್‌ಡೇಟ್ ವರ್ಷಗಟ್ಟಲೆ ತಡವಾದರೆ? ಯಾರನ್ನು ಕೇಳಬೇಕೆಂದು ನಾನು ವಿಚಾರಿಸಿದಲ್ಲೆಲ್ಲ ಬೆರಳು ಇನ್ನೊಂದು ಕಡೆಗೇ ತಿರುಗಿತು. ಈ ಪತ್ರದ ದೂರು ಅಷ್ಟೇ.

ನಾನು ಬೀದರ್ ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಕೆಲಸ ಭಾಲ್ಕಿಗೂ ಕರೆಯುತ್ತದೆ, ಔರಾದಿಗೂ ಕರೆಯುತ್ತದೆ. ಪ್ರಿಂಟರ್ ಪೇಪರ್ ಎಳೆಯುತ್ತಿಲ್ಲ, ಮಾನಿಟರ್ ಕಪ್ಪಾಗಿದೆ, ಹಾರ್ಡ್‌ಡಿಸ್ಕ್ ಸದ್ದು ಮಾಡುತ್ತಿದೆ ಎಂದು ಫೋನ್ ಬರುತ್ತದೆ. ‘ನಮ್ಮ ಮಶೀನಿಗೆ ಅಪ್‌ಡೇಟ್ ಆಗಿಲ್ಲ, ಬಂದು ನೋಡಿ’ ಎಂದು ಕರೆದವರು ಮಾತ್ರ ಯಾರೂ ಇಲ್ಲ. ಅಪ್‌ಡೇಟ್ ಆಗದ ಯಂತ್ರ ಕೆಟ್ಟ ಯಂತ್ರದಂತೆ ಕಾಣುವುದಿಲ್ಲ. ಬೆಳಗ್ಗೆ ಆನ್ ಆಗುತ್ತದೆ, ಸಂಜೆಯತನಕ ಕೆಲಸ ಕೊಡುತ್ತದೆ. ಆದ್ದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಔರಾದ್ ಕಡೆಯ ಒಂದು ಸೇವಾ ಕೇಂದ್ರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಒಬ್ಬ ಆಪರೇಟರ್‌ಗೆ ನೋಟಿಸ್ ಹೋಗಿ, ಕಡತ ಅಲ್ಲಿಗೇ ಮುಚ್ಚುತ್ತದೆ. ಪ್ರಿಂಟರ್ ಸರಿಮಾಡಲು ಹೋದವನು ಕಂಪ್ಯೂಟರ್‌ನ ವರ್ಷನ್ ನೋಡಿದೆ: ವಿಂಡೋಸ್ 10 ಪ್ರೊ, 1909. ಆ ವರ್ಷನ್‌ಗೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದು 2021ರ ಮೇ 11ಕ್ಕೆ. ಸರ್ವೀಸುಗಳ ಪಟ್ಟಿ ತೆರೆದರೆ ‘ವಿಂಡೋಸ್ ಅಪ್‌ಡೇಟ್’ ಎದುರಿಗೆ ‘ಡಿಸೇಬಲ್ಡ್’ ಎಂದಿತ್ತು. ಯಾರೋ ಕೈಯಾರೆ ಬಂದ್ ಮಾಡಿದ್ದರು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವಾಟ್ಸ್‌ಆ್ಯಪ್ ವೆಬ್‌ನಿಂದ ಇಳಿದ ಫೋಟೋಗಳು ತುಂಬಿದ್ದವು: ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡು, ಪಹಣಿ, ಮಕ್ಕಳ ಅಂಕಪಟ್ಟಿ. ಪ್ರಿಂಟ್ ತೆಗೆಸಲು ಕಳಿಸಿದ ಮಂದಿ ಕೆಲಸ ಮುಗಿಸಿ ಊರಿಗೆ ಹೋಗಿದ್ದರು, ಅವರ ಕಾಗದಗಳು ಅಲ್ಲೇ ಉಳಿದಿದ್ದವು.

ಅಪ್‌ಡೇಟ್ ಯಾಕೆ ನಿಲ್ಲಿಸಿದ್ದೀ ಎಂದು ಕೇಳಿದೆ. ಹುಡುಗ ಮುಚ್ಚುಮರೆ ಮಾಡಲಿಲ್ಲ. “ಅಪ್‌ಡೇಟ್ ಹಚ್ಚಿದ್ರ ಥಂಬ್ ಮಶೀನ್ ಬಂದ್ ಬೀಳ್ತದ ಅಣ್ಣಾ. ಹೊರಗ ಮಂದಿ ಪಾಳಿ ಹಚ್ಯಾರ, ಯಾರಿಗಿ ಏನಂತ ಹೇಳ್ಲಿ?” ಎಂದ. ಇಂಟರ್ನೆಟ್ ಅವನದೇ ಮೊಬೈಲಿನ ಹಾಟ್‌ಸ್ಪಾಟ್. ಒಂದು ದೊಡ್ಡ ಅಪ್‌ಡೇಟ್ ಇಳಿಯಿತೆಂದರೆ ಅವತ್ತಿನ ಡೇಟಾ ಮುಗಿಯಿತು, ಕೇಂದ್ರದ ಬಾಗಿಲು ಹಾಕಬೇಕು. ನಡುವೆ ಕರೆಂಟ್ ಹೋದರೆ ನೀಲಿ ಪರದೆ; ಮತ್ತೆ ನನ್ನಂಥವನನ್ನು ಕರೆಸಿ ಹಣ ಕೊಡಬೇಕು. ಅವನ ಲೆಕ್ಕದಲ್ಲಿ ಅಪ್‌ಡೇಟ್ ಎಂದರೆ ಖರ್ಚು, ಬೈಗುಳ, ಕೆಲಸದ ನಷ್ಟ. ಮಾಡದಿದ್ದರೆ ಯಾರೂ ಕೇಳುವುದಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಅದಕ್ಕೇ ಈ ಪತ್ರವನ್ನು ಅವನಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ಇದರಲ್ಲಿ ಅಪಾಯವೇನು ಎಂಬುದನ್ನು ಬಿಡಿಸಿ ಹೇಳಬೇಕು. ಆಪರೇಟಿಂಗ್ ಸಿಸ್ಟಂನ ನಡುಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಯಾವ ಪ್ರೋಗ್ರಾಂ ಯಾವ ಫೈಲ್ ಓದಬಹುದು, ಎಷ್ಟು ಮೆಮೊರಿ ಬಳಸಬಹುದು, ನೆಟ್‌ವರ್ಕಿಗೆ ಏನು ಕಳಿಸಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಯಾರೋ ತಂದ ಪೆನ್‌ಡ್ರೈವಿನಲ್ಲಿ ಕೆಟ್ಟ ಫೈಲ್ ಇದ್ದು ಅದನ್ನು ಆಪರೇಟರ್ ತೆರೆದನೆನ್ನಿ. ಕರ್ನಲ್ ಗಟ್ಟಿಯಿದ್ದು, ಕೆಲಸದ ಲಾಗಿನ್‌ಗೆ ಅಡ್ಮಿನ್ ಅಧಿಕಾರ ಇಲ್ಲದಿದ್ದರೆ, ಹಾನಿ ಆ ಲಾಗಿನ್ ಮುಟ್ಟುವಷ್ಟಕ್ಕೆ ನಿಲ್ಲುತ್ತದೆ. ಕರ್ನಲ್‌ನಲ್ಲೇ ಲೋಪ ಇದ್ದರೆ ಆ ಫೈಲು ಇಡೀ ಯಂತ್ರದ ಒಡೆಯನಾಗುತ್ತದೆ. ಆ್ಯಂಟಿವೈರಸ್ಸನ್ನು ಮಲಗಿಸುತ್ತದೆ, ಕೀಲಿಮಣೆಯಲ್ಲಿ ಒತ್ತಿದ ಪಾಸ್‌ವರ್ಡುಗಳನ್ನು ಬರೆದಿಟ್ಟುಕೊಳ್ಳುತ್ತದೆ, ಅದೇ ನೆಟ್‌ವರ್ಕಿನ ಪಕ್ಕದ ಯಂತ್ರಕ್ಕೆ ದಾಟಲು ನೋಡುತ್ತದೆ. ‘ಆ್ಯಂಟಿವೈರಸ್ ಹಾಕಿಸಿದ್ದೇವಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ಆ್ಯಂಟಿವೈರಸ್ ನಿಂತಿರುವುದೂ ಕರ್ನಲ್ ಮೇಲೆಯೇ.

ಲೋಪ ಗೊತ್ತಾದಾಗ ತಯಾರಕರು ತಿದ್ದಿ ಕಳಿಸುತ್ತಾರೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಕಳಿಸುತ್ತದೆ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹತ್ತೂವರೆ ಇಲ್ಲವೇ ಹನ್ನೊಂದೂವರೆ. ಆ ರಾತ್ರಿಯೇ ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ತಿದ್ದಿದ್ದಾರೆ ಎಂದು ಹುಡುಕುವವರಿದ್ದಾರೆ. ತಿದ್ದಿದ ಜಾಗವೇ ಲೋಪವಿದ್ದ ಜಾಗ. ಹೀಗಾಗಿ ಆ ತಿದ್ದುಪಡಿ, ಅಂದರೆ ಪ್ಯಾಚ್, ಹೊರಬಿದ್ದ ಮೇಲೆ ಅದನ್ನು ಹಾಕಿಸಿಕೊಳ್ಳದ ಯಂತ್ರದ ಗತಿ ಮೊದಲಿಗಿಂತ ಕಷ್ಟ. ಯಾರ ಮನೆಯ ಕೀಲಿ ಕೆಟ್ಟಿದೆಯೆಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಇದು ಬರೀ ಹೆದರಿಕೆಯ ಮಾತಲ್ಲ ಎಂಬುದಕ್ಕೆ 2017ರ ವಾನ್ನಾಕ್ರೈ ದಾಳಿ ಸಾಕ್ಷಿ. ಫೈಲ್ ಹಂಚಿಕೆಗೆ ಬಳಸುವ, ಕರ್ನಲ್ ಒಳಗೇ ಓಡುವ ಒಂದು ವಿಂಡೋಸ್ ಡ್ರೈವರ್‌ನಲ್ಲಿ ಲೋಪವಿತ್ತು. ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ ಕೊಟ್ಟದ್ದು ಮಾರ್ಚ್ 14ರಂದು. ಯಂತ್ರಕ್ಕೆ ಬೀಗ ಹಾಕಿ ಹಣ ಕೇಳುವ ಈ ರಾನ್ಸಂವೇರ್ ಅಪ್ಪಳಿಸಿದ್ದು ಮೇ 12ರಂದು. ನಡುವೆ 59 ದಿನ ಇದ್ದವು. ಆ 59 ದಿನಗಳಲ್ಲಿ ಪ್ಯಾಚ್ ಹಾಕಿಸಿಕೊಳ್ಳದ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸುಮಾರು 150 ದೇಶಗಳಲ್ಲಿ ಬೀಗ ಬಿದ್ದು ಕೂತವು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ನಮ್ಮ ದೇಶದಲ್ಲಿ ಸಿಕ್ಕಿಬಿದ್ದವರು ಆಂಧ್ರಪ್ರದೇಶದ ಪೊಲೀಸರು, ಪಶ್ಚಿಮ ಬಂಗಾಳದ ವಿದ್ಯುತ್ ಕಚೇರಿಗಳು, ಕೇರಳದ ವಯನಾಡಿನಂಥ ಗುಡ್ಡಗಾಡಿನ ಗ್ರಾಮ ಪಂಚಾಯಿತಿ ಕಚೇರಿ. ‘ಔರಾದಿನಂಥ ಮೂಲೆಯ ಊರಿಗೆ ಯಾವ ಹ್ಯಾಕರ್ ಬರುತ್ತಾನೆ’ ಎಂದು ನಗುವವರು ಆ ಪಂಚಾಯಿತಿಯನ್ನು ನೆನೆಯಬೇಕು. ಅದನ್ನು ಯಾರೂ ಆರಿಸಿಕೊಂಡು ಹೊಡೆದದ್ದಲ್ಲ. ಲೋಪವಿದ್ದ ಯಂತ್ರ ಇಂಟರ್ನೆಟ್ಟಿನಲ್ಲಿ ಎದುರಾಯಿತು, ವಾನ್ನಾಕ್ರೈ ಹೊಡೆಯಿತು. ಊರು ದೊಡ್ಡದೋ ಸಣ್ಣದೋ ಎಂದು ಅದು ನೋಡುವುದಿಲ್ಲ.

ಈಗ ಇನ್ನೊಂದು ತೊಡಕು ಸೇರಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಾನು ಬಿಚ್ಚಿ ನೋಡುವ ಯಂತ್ರಗಳಲ್ಲಿ ಅದಕ್ಕಿಂತ ಹಳೆಯವು ಬೇಕಾದಷ್ಟಿವೆ. ಎರಡೂ ವಿಂಡೋಸ್‌ಗಳ ಕರ್ನಲ್ ಒಂದೇ ಬೇರಿನದು. ವಿಂಡೋಸ್ 11ಕ್ಕೆ ತಿಂಗಳ ತಿಂಗಳ ಬರುವ ತಿದ್ದುಪಡಿ ವಿಂಡೋಸ್ 10ರಲ್ಲಿ ಅದೇ ಲೋಪ ಎಲ್ಲಿ ಹಾಗೇ ಉಳಿದಿದೆ ಎಂಬುದನ್ನೂ ತೋರಿಸಿಕೊಡಬಹುದು. ಹಣ ಕೊಟ್ಟರೆ ಮೂರು ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತದೆ: ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ಪ್ರತಿ ವರ್ಷ ದುಪ್ಪಟ್ಟು. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ ಬರೀ 1 ಡಾಲರ್, ಆಮೇಲೆ 2, ಆಮೇಲೆ 4. ಭಾಲ್ಕಿಯ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಈ ದರ ಹೇಳಿದಾಗ ಮೇಷ್ಟ್ರು ಬೆರಗಾದರು. ಅವರಿಗೆ ಇದನ್ನು ತಿಳಿಸಬೇಕಾದವರು ಯಾರು?

‘ಲಿನಕ್ಸ್ ಹಾಕಿಬಿಟ್ಟರೆ ಈ ತಲೆನೋವೇ ಇಲ್ಲ’ ಎನ್ನುವವರೂ ಸಿಗುತ್ತಾರೆ. ಹಳೆಯ ಯಂತ್ರಗಳಿಗೆ ಲಿನಕ್ಸ್ ಎಂಬ ಈ ಉಚಿತ ಆಪರೇಟಿಂಗ್ ಸಿಸ್ಟಂ ಒಳ್ಳೆಯದೇ, ನಾನೇ ಎಷ್ಟೋ ಕಡೆ ಹಾಕಿಕೊಟ್ಟಿದ್ದೇನೆ. ಆದರೆ ಹಾಕಿ ಮರೆತರೆ ಅದೂ ಅಷ್ಟೇ. 2016ರಲ್ಲಿ ಬೆಳಕಿಗೆ ಬಂದ ‘ಡರ್ಟಿ ಕೌ’ ಎಂಬ ಲೋಪ ಲಿನಕ್ಸ್ ಕರ್ನಲ್‌ನಲ್ಲಿ ವರ್ಷಗಟ್ಟಲೆ ಕೂತಿತ್ತು. ಹನ್ನೊಂದು ವರ್ಷ ಮೊದಲು ತಾವೇ ಅದನ್ನು ಸರಿಪಡಿಸಲು ಹೋಗಿ ಸರಿಯಾಗಲಿಲ್ಲವೆಂದು ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಬರೆದರು. 2022ರಲ್ಲಿ ‘ಡರ್ಟಿ ಪೈಪ್’ ಬಂತು. ಎರಡರಲ್ಲೂ ಸಾಮಾನ್ಯ ಬಳಕೆದಾರ ಯಂತ್ರದ ಒಡೆಯನಾಗಬಹುದಿತ್ತು; ಎರಡಕ್ಕೂ ತಿದ್ದುಪಡಿ ಬೇಗ ಬಂತು, ಉಚಿತವಾಗಿಯೇ ಬಂತು. ತರಿಸಿಕೊಂಡವರು ಉಳಿದರು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿನಲ್ಲಿ ಸರ್ಕಾರಿ ಸಮೀಕ್ಷೆ ಮಾಡಿಸುವಾಗ ಇದು ನೆನಪಿರಬೇಕು. ಲಿನಕ್ಸಿನಲ್ಲಿ ಗೆದ್ದವರ ಉದಾಹರಣೆ ಬೇಕಾದರೆ ಕೇರಳದ ಶಾಲೆಗಳಿವೆ. ಅಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯೇ ಶಾಲೆಗಳಿಗೆಂದು ಲಿನಕ್ಸ್ ಸಿದ್ಧಪಡಿಸಿ, ಹೊಸ ಆವೃತ್ತಿ ಬಂದಾಗ ಹಂಚುತ್ತದೆ, ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಡುತ್ತದೆ. ತಂತ್ರಾಂಶಕ್ಕಿಂತ ಹೆಚ್ಚಾಗಿ ಅಲ್ಲಿ ಗೆದ್ದದ್ದು ಹೊಣೆ ಹೊತ್ತ ಒಂದು ಸಂಸ್ಥೆ.

ಕಚೇರಿಗಳಲ್ಲಿ ನನಗೆ ಸಿಗುವ ಉತ್ತರಗಳು ಎರಡು. ಮೊದಲನೆಯದು, ‘ಡೇಟಾ ಎಲ್ಲ ಬೆಂಗಳೂರಿನ ಸರ್ವರ್‌ನಲ್ಲಿದೆ, ಇಲ್ಲೇನಿದೆ?’ ಸರ್ವರ್‌ಗೆ ಕಾವಲಿದೆ ಎಂಬುದು ನಿಜ. ರಾಜ್ಯದ ನೋಂದಣಿ ವ್ಯವಸ್ಥೆ ಕಾವೇರಿ 2.0 ಮೇಲೆ 2025ರ ಆರಂಭದಲ್ಲಿ ದಾಳಿಯಾದಾಗ ಇಡೀ ರಾಜ್ಯಕ್ಕೆ ಗೊತ್ತಾಯಿತು, ಪೊಲೀಸರಿಗೆ ದೂರೂ ಹೋಯಿತು. ಅದು ನಕಲಿ ಕೋರಿಕೆಗಳನ್ನು ಸುರಿದು ಸರ್ವರ್ ನಿಲ್ಲಿಸುವ ದಾಳಿ; ಕರ್ನಲ್ ಪ್ಯಾಚ್ ಹಾಕಿ ತಡೆಯುವಂಥದ್ದಲ್ಲ. ಆದರೆ ಟೇಬಲ್ ಮೇಲಿನ ಯಂತ್ರ ಸೋತದ್ದು ಯಾರಿಗೆ ಗೊತ್ತಾಗಬೇಕು? ಬೆಂಗಳೂರಿನ ಸರ್ವರ್‌ಗೆ ಹೋಗುವ ಲಾಗಿನ್ ಟೈಪಾಗುವುದು ಅದೇ ಟೇಬಲ್ ಮೇಲೆ. ಮಂದಿಯ ಆಧಾರ್ ಫೋಟೋ ಉಳಿಯುವುದು ಅದೇ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಹೊಸ ಎಲ್1 ಮಾದರಿಯ ಥಂಬ್ ಮಶೀನುಗಳು ಬೆರಳಚ್ಚನ್ನು ತಮ್ಮೊಳಗೇ ಗೂಢಲಿಪಿ ಮಾಡಿ ಕಳಿಸುತ್ತವೆ, ಅದು ಒಳ್ಳೆಯ ಸುಧಾರಣೆ. ಸ್ಕ್ಯಾನ್ ಮಾಡಿದ ಕಾಗದಕ್ಕೂ ಪಾಸ್‌ವರ್ಡಿಗೂ ಆ ರಕ್ಷಣೆ ಇಲ್ಲ.

ಎರಡನೆಯದು, ‘ಅಪ್‌ಡೇಟ್ ಮಾಡಿದರೆ ಕೆಲಸ ನಿಲ್ಲುತ್ತದೆ.’ ಈ ಭಯ ಸುಳ್ಳಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ, ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುವ ಭದ್ರತಾ ತಂತ್ರಾಂಶಕ್ಕೆ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೂತುಬಿಟ್ಟವು. ನಮಗೆ ಹತ್ತಿರದ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದರಿಂದ ಕಲಿಯಬೇಕಾದ ಪಾಠ ಎಲ್ಲ ಯಂತ್ರಗಳಿಗೂ ಒಂದೇ ಏಟಿಗೆ ಹಾಕಬೇಡಿ, ಮೊದಲು ಕೆಲವಕ್ಕೆ ಹಾಕಿ ನೋಡಿ ಎಂಬುದು. ಯಾವುದಕ್ಕೂ ಹಾಕಬೇಡಿ ಎಂದಲ್ಲ. ಥಂಬ್ ಮಶೀನ್ ನಿಲ್ಲುತ್ತದೆ ಎಂಬುದು ಔರಾದಿನ ಹುಡುಗನಿಗೆ ಗೊತ್ತಾಗುವ ಮೊದಲು ಜಿಲ್ಲಾ ಕೇಂದ್ರದಲ್ಲಿ ಕೂತವರಿಗೆ ಗೊತ್ತಾಗಿರಬೇಕು.

ಕಾನೂನು ಕೂಡ ಸುಮ್ಮನೆ ಕೂತಿಲ್ಲ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಸರ್ಕಾರಿ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ವರ್ಷಗಳಿಂದ ಅಪ್‌ಡೇಟ್ ಬಂದ್ ಇರುವ ಯಂತ್ರದಲ್ಲಿ ದಾಳಿ ಗಮನಕ್ಕೆ ಬರುವುದಾದರೂ ಹೇಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿ ಇಟ್ಟುಕೊಂಡವರು ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇದೆ. ಆ ಗಡುವು ಮುಗಿಯುವ ತನಕ ಕಾಯಬೇಕಾದ ಕೆಲಸ ಇದಲ್ಲ.

ಹಣದ ಮಾತು ಬಂದರೆ, ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಇತ್ತೀಚಿನ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. ಹೊಸ ಕಂಪ್ಯೂಟರ್ ಕೊಡುವಾಗ ರಿಬ್ಬನ್ ಇರುತ್ತದೆ, ಫೋಟೋ ಇರುತ್ತದೆ. ಮೂರು ವರ್ಷದ ನಂತರ ಅದರ ಕರ್ನಲ್ ಯಾವ ಸ್ಥಿತಿಯಲ್ಲಿದೆ ಎಂದು ನೋಡುವ ಕೆಲಸಕ್ಕೂ ಒಂದು ಸಾಲು ಇರಲಿ.

ಆದ್ದರಿಂದ ನನ್ನ ಬೇಡಿಕೆಗಳು ಇವು:

1. ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ಸಾರ್ವಜನಿಕ ಸೇವೆಗೆ ಬಳಸುವ ಪ್ರತಿ ಕಂಪ್ಯೂಟರ್‌ನ ಪಟ್ಟಿ ಆಗಲಿ: ಯಾವ ಆಪರೇಟಿಂಗ್ ಸಿಸ್ಟಂ, ಕೊನೆಯ ಅಪ್‌ಡೇಟ್ ಯಾವಾಗ, ತಯಾರಕರ ಬೆಂಬಲ ಎಂದಿನವರೆಗೆ. ಖಾಸಗಿಯವರು ನಡೆಸುವ ಸೇವಾ ಕೇಂದ್ರಗಳೂ ಇದರಲ್ಲಿ ಸೇರಲಿ. ಯಾವ ಯಂತ್ರ ದುರ್ಬಲ ಎಂಬುದನ್ನು ಹೊರಗೆ ಹೇಳಬೇಕಿಲ್ಲ. ತಾಲ್ಲೂಕಿನಲ್ಲಿ ಒಟ್ಟು ಎಷ್ಟು, ಅಪ್‌ಡೇಟ್ ಆದವು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಪ್ರತಿ ತಿಂಗಳು ಪ್ರಕಟಿಸಿದರೆ ಸಾಕು.

2. ಮೂರೂ ಕಡೆ ಒಬ್ಬೊಬ್ಬ ಅಧಿಕಾರಿಗೆ ಹೆಸರು ಹಿಡಿದು ಹೊಣೆ ಕೊಡಿ. ಸಕಾಲ ಫಲಕದ ಪಕ್ಕದಲ್ಲೇ ಆ ಹೆಸರೂ ಇರಲಿ.

3. ಎರಡನೇ ಮಂಗಳವಾರದ ಅಪ್‌ಡೇಟ್ ಬಂದ ಮೊದಲ ವಾರ ಬೀದರ್ ನಗರದ ಹತ್ತು ಯಂತ್ರಗಳಲ್ಲಿ, ಥಂಬ್ ಮಶೀನ್, ಸ್ಕ್ಯಾನರ್, ನುಡಿ ತಂತ್ರಾಂಶ ಎಲ್ಲ ಇಟ್ಟು ಪರೀಕ್ಷಿಸಿ. ಎರಡನೇ ವಾರ ನಗರದ ಉಳಿದವು ಮತ್ತು ಭಾಲ್ಕಿ, ಮೂರನೇ ವಾರ ಔರಾದ್. ಈಗಾಗಲೇ ದಾಳಿಗೆ ಬಳಕೆಯಾಗುತ್ತಿರುವ ಲೋಪವಾದರೆ ಮೂರು ವಾರ ಕಾಯದೆ ಮೂರು ದಿನದಲ್ಲಿ ಮುಗಿಸಿ.

4. ಅಪ್‌ಡೇಟನ್ನು ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ಇಳಿಸಿಕೊಂಡು ಅಲ್ಲಿಂದ ಹಂಚಿ. ಆಪರೇಟರ್‌ನ ಮೊಬೈಲ್ ಡೇಟಾ ಖರ್ಚಾಗಬಾರದು. ಅರ್ಧದಲ್ಲಿ ಕರೆಂಟ್ ಹೋಗಿ ಯಂತ್ರ ಕೆಡದಂತೆ ಯುಪಿಎಸ್ ಕೊಡಿ, ಇದ್ದಲ್ಲಿ ಅದರ ಬ್ಯಾಟರಿ ಬದಲಿಸಿ.

5. ವಿಂಡೋಸ್ 10ರ ಯಂತ್ರಗಳನ್ನು ಮೂರು ಪಾಲು ಮಾಡಿ: ವಿಂಡೋಸ್ 11ಕ್ಕೆ ಹೋಗುವವು, ಹಣ ಕಟ್ಟಿ ಅಪ್‌ಡೇಟ್ ಪಡೆಯುವವು, ಲಿನಕ್ಸಿಗೆ ಬದಲಾಗುವವು. ಯಾವ ಪಾಲಿಗೂ ಸೇರದ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ.

6. ಮುಂದಿನ ಟೆಂಡರ್‌ಗಳಲ್ಲಿ ಕನಿಷ್ಠ ಐದು ವರ್ಷ ಭದ್ರತಾ ಅಪ್‌ಡೇಟ್ ಎಂಬ ಷರತ್ತು ಇರಲಿ. ಯುರೋಪ್ ಒಕ್ಕೂಟ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನ್‌ಗಳಿಗೆ, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಎಂಬ ಇಂಥದೇ ನಿಯಮ ತಂದಿದೆ. ಥಂಬ್ ಮಶೀನ್ ಮಾರುವ ಕಂಪನಿ ಹೊಸ ಅಪ್‌ಡೇಟ್‌ಗೆ ತಕ್ಕ ಡ್ರೈವರ್ ಕೊಡದಿದ್ದರೆ ಬಿಲ್ ತಡೆಹಿಡಿಯಿರಿ.

7. ಜನರ ಕಾಗದಪತ್ರಗಳನ್ನು ಕೆಲಸ ಮುಗಿದ ದಿನವೇ ಯಂತ್ರದಿಂದ ಅಳಿಸಬೇಕೆಂದು ಸುತ್ತೋಲೆ ಹೊರಡಿಸಿ. ಆಪರೇಟರ್‌ಗಳು ಅಡ್ಮಿನ್ ಲಾಗಿನ್‌ನಲ್ಲಿ ದಿನದ ಕೆಲಸ ಮಾಡುವುದನ್ನು ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಈ ಏಳರಲ್ಲಿ ಮೊದಲ ಎರಡಕ್ಕೆ ಬೆಂಗಳೂರಿನ ಅನುಮತಿಯೂ ಬೇಕಾಗಲಾರದು, ಹೊಸ ಅನುದಾನವೂ ಬೇಡ. ತಮ್ಮ ಒಂದು ಸಭೆಯಲ್ಲಿ ತೀರ್ಮಾನವಾಗುವ ಕೆಲಸ. ಪಟ್ಟಿ ಮಾಡಲು ಕೈಗಳು ಬೇಕಾದರೆ ನಮ್ಮಂಥ ರಿಪೇರಿಯವರು ಮೂರೂ ಊರುಗಳಲ್ಲಿ ಇದ್ದೇವೆ, ಕರೆದರೆ ಬರುತ್ತೇವೆ.

ಒಂದೇ ವಿನಂತಿ. ಈ ಪತ್ರಕ್ಕೆ ‘ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಎಂಬ ಹಿಂಬರಹ ಕೊಡಬೇಡಿ. ಸಂಬಂಧಪಟ್ಟವರು ಯಾರು ಎಂಬುದೇ ನನ್ನ ಪ್ರಶ್ನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿಗಾರ, ಬೀದರ್